ಗಡಸು ನೀರಿಗೆ ಒಗ್ಗುವ ಹಸಿರು ತೊಟ್ಟಿ

ಮೀನು ಸಾಕುವ ಹವ್ಯಾಸವನ್ನು ಒಮ್ಮೆ ಹಿಡಿದು ಕೈಬಿಟ್ಟವರು ನಮ್ಮ ಜಿಲ್ಲೆಯಲ್ಲಿ ಬಹಳ ಮಂದಿ ಇದ್ದಾರೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಯಾವ ಊರಿನಲ್ಲಿ ಕೇಳಿದರೂ ಕಥೆ ಹೆಚ್ಚುಕಡಿಮೆ ಒಂದೇ. ಮಕ್ಕಳ ಹಟಕ್ಕೆ ಗಾಜಿನ ತೊಟ್ಟಿ ಬಂತು. ಅದರ ಜೊತೆಗೆ ಬಣ್ಣದ ಕಲ್ಲು, ಪ್ಲಾಸ್ಟಿಕ್ ಗಿಡ, ಗುಳ್ಳೆ ಬಿಡುವ ಪಂಪು, ಎರಡು ಜೋಡಿ ಗೋಲ್ಡ್ ಫಿಶ್ ಬಂದವು. ಹದಿನೈದು ದಿನದೊಳಗೆ ನೀರು ಮಬ್ಬಾಯಿತು, ಮೀನು ಒಂದೊಂದಾಗಿ ತೇಲಿದವು. ಬೇಸಿಗೆಯ ಒಂದು ರಾತ್ರಿ ಕರೆಂಟು ಹೋದಾಗ ಉಳಿದವೂ ಹೋದವು. ‘ನಮ್ಮ ನೀರಿಗೆ ಮೀನು ಆಗಿಬರುವುದಿಲ್ಲ’ ಎಂದು ಮನೆಯವರು ತೀರ್ಮಾನಿಸಿ ತೊಟ್ಟಿಯನ್ನು ಅಟ್ಟಕ್ಕೆ ಹಾಕಿದರು.

ಆ ತೀರ್ಮಾನ ಅರ್ಧ ಮಾತ್ರ ಸರಿ. ನಮ್ಮ ನೀರಿಗೆ ಆಗಿಬಾರದ್ದು ಆ ಮೀನು ಮತ್ತು ಆ ಏರ್ಪಾಡು. ಇದೇ ನೀರಿನಲ್ಲಿ ಸೊಗಸಾಗಿ ಬದುಕುವ ಮೀನುಗಳಿವೆ, ಹುಲುಸಾಗಿ ಬೆಳೆಯುವ ಗಿಡಗಳಿವೆ. ತೊಟ್ಟಿಗೆ ಬೇಕಾದಂತೆ ನೀರನ್ನು ಬದಲಿಸಲು ಹೊರಟರೆ ಖರ್ಚಿಗೆ ಕೊನೆಯಿಲ್ಲ. ಇರುವ ನೀರಿಗೆ ತಕ್ಕಂತೆ ತೊಟ್ಟಿ ಕಟ್ಟಿದರೆ ಯಂತ್ರಗಳೇ ಬೇಡವಾಗುತ್ತವೆ. ಮಣ್ಣು, ಮರಳು, ಜೀವಂತ ಗಿಡ, ಒಂದು ಸಾಧಾರಣ ಎಲ್‌ಇಡಿ ದೀಪ, ಬೆರಳೆಣಿಕೆಯ ಮೀನು. ಇಷ್ಟರಲ್ಲೇ ನಡೆಯುವ ಸರಳ ಹಸಿರು ತೊಟ್ಟಿ ನಮ್ಮಂಥ ಬಯಲುಸೀಮೆಗೆ ಹೇಳಿ ಮಾಡಿಸಿದ್ದು. ಹವ್ಯಾಸಕ್ಕೆ ಮರಳಲು ಮನಸ್ಸಿರುವವರು ಇಲ್ಲಿಂದ ಶುರು ಮಾಡಬೇಕು ಎಂಬುದೇ ಈ ಬರಹದ ಆಸೆ.

ಮೊದಲು ನೀರಿನ ಮಾತು. ಚಿತ್ರದುರ್ಗ ನಗರಕ್ಕೆ ಸೂಳೆಕೆರೆ ಎಂದೇ ಹೆಸರಾದ ಶಾಂತಿಸಾಗರದಿಂದಲೂ ಮಾರಿಕಣಿವೆ ಎಂದೂ ಕರೆಯುವ ವಾಣಿ ವಿಲಾಸ ಸಾಗರದಿಂದಲೂ ನೀರು ಬರುತ್ತದೆ. ಹಿರಿಯೂರಿಗಂತೂ ಮಾರಿಕಣಿವೆಯೇ ಜೀವಾಳ. ನಲ್ಲಿಯಲ್ಲಿ ಬರುವ ಈ ನೀರು ಸಾಮಾನ್ಯವಾಗಿ ಕೊಳವೆಬಾವಿಯ ನೀರಿಗಿಂತ ಮೆದು. ಆದರೆ ಜಿಲ್ಲೆಯ ಹೆಚ್ಚಿನ ಹಳ್ಳಿಗಳ, ನಗರದ ಎಷ್ಟೋ ಬಡಾವಣೆಗಳ ನಿತ್ಯದ ಬಳಕೆಯ ನೀರು ಬೋರಿನದೇ. ಸೋಪು ನೊರೆ ಬಾರದ, ಬೇಳೆ ಬೇಯದ, ಗೀಸರಿನ ಒಳಗೆ ಬಿಳಿ ಹೊಪ್ಪಳೆ ಕಟ್ಟುವ ನೀರು ಅದು. ಕೆಲವು ಕಡೆ ಫ್ಲೋರೈಡೂ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂಬ ಮಿತಿಯನ್ನು ಮೀರಿದ ಬಾವಿಗಳು ಇಲ್ಲಿವೆ. ಹಾಗಾಗಿಯೇ ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದವು.

ಮೀನಿಗೂ ಆ ಘಟಕದ ಕ್ಯಾನ್ ನೀರೇ ಒಳ್ಳೆಯದು ಎಂದುಕೊಳ್ಳುವುದು ಸಹಜ. ಆದರೆ ಆರ್‌ಒ ಯಂತ್ರ ಫ್ಲೋರೈಡಿನ ಜೊತೆಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬನೇಟ್ ಎಲ್ಲವನ್ನೂ ಬಹುಪಾಲು ತೆಗೆದುಬಿಡುತ್ತದೆ. ಅಂಥ ಸಪ್ಪೆ ನೀರಿನಲ್ಲಿ ಗಪ್ಪಿ, ಮೊಲ್ಲಿಯಂಥ ಮೀನುಗಳು ಬಾಡುತ್ತವೆ, ಬಸವನಹುಳುವಿನ ಚಿಪ್ಪು ಸವೆಯುತ್ತದೆ. ಆಮ್ಲ–ಕ್ಷಾರದ ಸಮತೋಲ ಕಾಯುವ ಬೈಕಾರ್ಬನೇಟ್ ಇಲ್ಲದ್ದರಿಂದ ನೀರಿನ ಪಿಎಚ್ ಹಗಲಿಗೊಂದು ರಾತ್ರಿಗೊಂದು ಎಂಬಂತೆ ಏರಿಳಿಯುತ್ತದೆ. ಬೋರಿನ ನೀರು ತೀರ ಸವಳಾಗಿದ್ದರೆ ಅರ್ಧಕ್ಕರ್ಧ ಆರ್‌ಒ ನೀರು ಬೆರೆಸಬಹುದು, ಮಳೆನೀರು ಹಿಡಿದಿದ್ದರೆ ಅದನ್ನೂ ಬೆರೆಸಬಹುದು. ಬರೀ ಆರ್‌ಒ ನೀರು ತುಂಬಿಸುವುದು ಮಾತ್ರ ಬೇಡ. ನಲ್ಲಿ ನೀರಾದರೆ ಬಾಯಗಲದ ಬಕೆಟಿನಲ್ಲಿ ಒಂದು ದಿನ ತೆರೆದಿಡಿ, ಕ್ಲೋರಿನ್ ಆರಿಹೋಗುತ್ತದೆ.

ಹಾಗಾದರೆ ಹಳೆಯ ತೊಟ್ಟಿಗಳಲ್ಲಿ ಮೀನು ಸತ್ತದ್ದೇಕೆ? ಬಹುತೇಕ ಕಡೆ ಕಾರಣ ಅಮೋನಿಯಾ. ಮೀನಿನ ಕಿವಿರಿನಿಂದ, ಮಲದಿಂದ, ತಿನ್ನದೆ ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತಲೇ ಇರುತ್ತದೆ. ಹಳಗಿದ ತೊಟ್ಟಿಯಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಈ ಬ್ಯಾಕ್ಟೀರಿಯಾಗಳು ಮರಳಿನಲ್ಲಿ, ಗಾಜಿನ ಮೇಲೆ, ಎಲೆಗಳ ಮೇಲೆ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಂಗಡಿಯಿಂದ ತಂದ ದಿನವೇ ನೀರು ತುಂಬಿ ಮೀನು ಬಿಟ್ಟರೆ ಅವು ತಮ್ಮದೇ ವಿಷದಲ್ಲಿ ಈಜುತ್ತವೆ.

ಇಲ್ಲಿ ನಮ್ಮ ನೀರಿನ ಗುಣವೂ ಲೆಕ್ಕಕ್ಕೆ ಬರುತ್ತದೆ. ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿರುತ್ತದೆ. ಅಮೋನಿಯಂ ರೂಪದಲ್ಲಿದ್ದರೆ ಅಪಾಯ ಕಡಿಮೆ, ಅನಿಲರೂಪದ ಅಮೋನಿಯಾ ಆದರೆ ಕಡು ವಿಷ. ನೀರು 30 ಡಿಗ್ರಿ ಸೆಲ್ಸಿಯಸ್ ಇದ್ದು ಪಿಎಚ್ 7 ಆಗಿದ್ದರೆ ಒಟ್ಟು ಅಮೋನಿಯಾದಲ್ಲಿ ಶೇ 1ಕ್ಕಿಂತ ಕಡಿಮೆ ಪಾಲು ಮಾತ್ರ ವಿಷದ ರೂಪದಲ್ಲಿರುತ್ತದೆ. ಅದೇ ನೀರಿನ ಪಿಎಚ್ 8 ಆದರೆ ಆ ಪಾಲು ಶೇ 7 ದಾಟುತ್ತದೆ, ಅಂದರೆ ಹೆಚ್ಚುಕಡಿಮೆ ಹತ್ತು ಪಟ್ಟು. ನಮ್ಮ ಗಡಸು ನೀರು ಸಾಮಾನ್ಯವಾಗಿ ಕ್ಷಾರದ ಕಡೆಗೇ ವಾಲಿರುತ್ತದೆ, ನಮ್ಮ ಬೇಸಿಗೆಯೂ ಉರಿಬೇಸಿಗೆ. ಬೇರೆ ಊರಿನಲ್ಲಿ ಹೇಗೋ ತಡೆದುಕೊಳ್ಳುವ ಹೊಸ ತೊಟ್ಟಿಯ ಮೀನು ಇಲ್ಲಿ ಸಾಯುವ ಗುಟ್ಟು ಇದು. ನೀರು ಗಡಸಾದದ್ದೇ ತಪ್ಪಲ್ಲ. ಆ ನೀರಿನಲ್ಲಿ ಅಮೋನಿಯಾ ಕೂಡಿಕೊಳ್ಳಲು ಬಿಟ್ಟದ್ದು ತಪ್ಪು.

ಇದಕ್ಕೆ ಮದ್ದು ಗಿಡ. ನೀರಿನ ಗಿಡಗಳಲ್ಲಿ ಹೆಚ್ಚಿನವು ಸಾರಜನಕವನ್ನು ನೈಟ್ರೇಟಿಗಿಂತ ಮೊದಲು ಅಮೋನಿಯಂ ರೂಪದಲ್ಲೇ ಹೀರಲು ಇಷ್ಟಪಡುತ್ತವೆ. ಬ್ಯಾಕ್ಟೀರಿಯಾ ಇನ್ನೂ ನೆಲೆಯೂರದ ದಿನಗಳಲ್ಲೂ ಚೆನ್ನಾಗಿ ಬೆಳೆಯುವ ಗಿಡ ವಿಷವನ್ನು ಗೊಬ್ಬರ ಮಾಡಿಕೊಂಡು ಉಂಡುಬಿಡುತ್ತದೆ. ಈ ತತ್ತ್ವ ಹೊಸದೇನಲ್ಲ. ಲಂಡನ್ನಿನ ರಸಾಯನತಜ್ಞ ರಾಬರ್ಟ್ ವಾರಿಂಗ್ಟನ್ ಒಂದು ಪಾತ್ರೆಯಲ್ಲಿ ಎರಡು ಪುಟ್ಟ ಗೋಲ್ಡ್ ಫಿಶ್‌ಗಳನ್ನೂ ವ್ಯಾಲಿಸ್ನೇರಿಯಾ ಗಿಡವನ್ನೂ ಇಟ್ಟು, ಕೊಳೆತ ಎಲೆ ತಿನ್ನಲು ಬಸವನಹುಳುಗಳನ್ನು ಸೇರಿಸಿ, ಪದೇ ಪದೇ ನೀರು ಬದಲಿಸದೆ ಸಾಕಿ ತೋರಿಸಿದ. 1850ರಲ್ಲಿ ಅದರ ವಿವರ ಪ್ರಕಟಿಸಿದ. ಮನೆಯಲ್ಲಿ ವಿದ್ಯುತ್ ಎಂಬುದೇ ಇಲ್ಲದ ಕಾಲ ಅದು. ಮುಂದೆ ಪಂಪು, ಫಿಲ್ಟರ್, ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಎಲ್ಲ ಬಂದವು. ಜಪಾನಿನ ತಕಾಶಿ ಅಮಾನೊ ಅವುಗಳಿಂದ ಮನಸೆಳೆಯುವ ಜಲೋದ್ಯಾನಗಳನ್ನೇ ಕಟ್ಟಿದ. ಇನ್ನೊಂದು ಕಡೆ ಅಮೆರಿಕದ ಡಯಾನಾ ವಾಲ್‌ಸ್ಟಡ್ 1999ರಲ್ಲಿ ಹೊರತಂದ ಪುಸ್ತಕದಲ್ಲಿ ಹಳೆಯ ದಾರಿಯನ್ನೇ ವಿಜ್ಞಾನದ ಆಧಾರದ ಮೇಲೆ ಮತ್ತೆ ನಿಲ್ಲಿಸಿದಳು. ತಳಕ್ಕೆ ತೋಟದ ಮಣ್ಣು, ಅದರ ಮೇಲೆ ಮರಳು, ತುಂಬ ಗಿಡ, ಕಡಿಮೆ ಮೀನು. ಇಂದು ಜಗತ್ತಿನಾದ್ಯಂತ ಸರಳ ತೊಟ್ಟಿ ಇಡುವವರು ಹಿಡಿದಿರುವುದು ಆಕೆಯ ಜಾಡನ್ನೇ.

ವಾರಿಂಗ್ಟನ್ ಬಳಸಿದ ವ್ಯಾಲಿಸ್ನೇರಿಯಾ ಕುಲದ ಗಿಡಗಳು ದಕ್ಷಿಣ ಭಾರತದ ಕೆರೆ ಕಾಲುವೆಗಳಲ್ಲೂ ಬೆಳೆಯುತ್ತವೆ. ಉದ್ದನೆಯ ಲಾಡಿಯಂಥ ಎಲೆ, ನೆಲದಡಿ ಹಂಬು ಬಿಟ್ಟು ಹರಡುವ ಬುಡ. ಗಡಸು ನೀರಿನಲ್ಲಿ ಇದು ಏಕೆ ಗೆಲ್ಲುತ್ತದೆ ಎಂಬುದನ್ನು ತಿಳಿದುಕೊಳ್ಳಬೇಕು. ಗಿಡಕ್ಕೆ ಇಂಗಾಲ ಬೇಕು. ನೀರಿನಲ್ಲಿ ಕರಗಿದ ಕಾರ್ಬನ್ ಡೈಆಕ್ಸೈಡ್ ಸ್ವಲ್ಪವೇ ಇರುವುದರಿಂದ ಕೆಲವರು ಸಿಲಿಂಡರ್ ಇಡುತ್ತಾರೆ. ಆದರೆ ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ, ಸೆರಟೊಫಿಲಂನಂಥ ಗಿಡಗಳು ನೀರಿನ ಬೈಕಾರ್ಬನೇಟಿನಿಂದಲೂ ಇಂಗಾಲ ಪಡೆಯಬಲ್ಲವು. ನಮ್ಮ ಗೀಸರನ್ನು ಹಾಳುಮಾಡುವ ಅದೇ ವಸ್ತು ಈ ಗಿಡಗಳಿಗೆ ಊಟ. ಸಿಲಿಂಡರಿಗೆ ಸುರಿಯುವ ದುಡ್ಡಿನ ಕೆಲಸವನ್ನು ನಮ್ಮ ಬೋರಿನ ನೀರು ಪುಕ್ಕಟೆ ಮಾಡುತ್ತದೆ. ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ಕಬೊಂಬಾ ಗಿಡಕ್ಕೆ ಈ ಶಕ್ತಿಯಿಲ್ಲ. ಅದು ಮೆದು ನೀರಿನ ಗಿಡ, ಇಲ್ಲಿ ಬಹುಬೇಗ ಕರಗಿ ತೊಟ್ಟಿಯನ್ನು ಕೆಡಿಸುತ್ತದೆ.

ಬಿಸಿಲಿರುವ ಮಧ್ಯಾಹ್ನ ನನ್ನ ತೊಟ್ಟಿಯ ಮುಂದೆ ಕೂತರೆ ಈ ಊಟವನ್ನು ಕಣ್ಣಾರೆ ನೋಡಬಹುದು. ಹೈಡ್ರಿಲ್ಲಾದ ಮುರಿದ ತುದಿಯೊಂದರಿಂದ ಸಾಸಿವೆಗಿಂತ ಚಿಕ್ಕ ಗುಳ್ಳೆಗಳು ದಾರ ಎಳೆದ ಹಾಗೆ ಒಂದರ ಹಿಂದೊಂದು ಮೇಲೇರುತ್ತವೆ. ಅದು ಆಮ್ಲಜನಕ. ವ್ಯಾಲಿಸ್ನೇರಿಯಾ ಹೂ ಬಿಡುವ ರೀತಿ ಇನ್ನೂ ಅಚ್ಚರಿಯದು. ಹೆಣ್ಣು ಹೂವು ಸುರುಳಿ ಸುರುಳಿಯಾದ ತೆಳು ತೊಟ್ಟಿನ ತುದಿಯಲ್ಲಿ ನೀರಿನ ಮೇಲ್ಮೈಗೆ ಬಂದು ನಿಲ್ಲುತ್ತದೆ. ಗಂಡು ಹೂಗಳು ಬುಡದಲ್ಲೇ ಕಳಚಿಕೊಂಡು ಧೂಳಿನ ಕಣಗಳಂತೆ ತೇಲಿಬಂದು ಅದನ್ನು ಮುಟ್ಟುತ್ತವೆ. ಪರಾಗಸ್ಪರ್ಶ ಆದಮೇಲೆ ತೊಟ್ಟು ಮತ್ತೆ ಸುರುಳಿ ಸುತ್ತಿಕೊಂಡು ಕಾಯನ್ನು ನೀರೊಳಗೆ ಎಳೆದುಕೊಳ್ಳುತ್ತದೆ. ಪ್ಲಾಸ್ಟಿಕ್ ಗಿಡದ ತೊಟ್ಟಿಯಲ್ಲಿ ಇಂಥದ್ದು ಯಾವುದೂ ನಡೆಯುವುದಿಲ್ಲ.

ಇನ್ನು ಕಟ್ಟುವ ಕೆಲಸ. ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಮೊದಲಿಗೆ ಸಾಕು. ಅಂಚಿನವರೆಗೆ ತುಂಬಿದರೆ ಸುಮಾರು 56 ಲೀಟರ್ ಹಿಡಿಯುತ್ತದೆ, ಮಣ್ಣು ಮರಳು ಹೋಗಿ 45 ಲೀಟರಿನಷ್ಟು ನೀರು ಉಳಿಯುತ್ತದೆ. ಮಣ್ಣು, ಮರಳು, ಗಾಜು ಸೇರಿ ಭಾರ 70–80 ಕಿಲೋ ಆಗುವುದರಿಂದ ಗಟ್ಟಿ ಮೇಜು ಅಥವಾ ಕಡಪ ಕಲ್ಲಿನ ಕಟ್ಟೆ ಬೇಕು. ಗಾಜಿನ ಅಡಿಗೆ ಥರ್ಮಕೋಲ್ ಹಾಳೆ ಹಾಸಿ. ಇದಕ್ಕಿಂತ ಚಿಕ್ಕ ತೊಟ್ಟಿ ಸುಲಭವೆಂದು ತೋರುತ್ತದೆ, ಆದರೆ ಕಡಿಮೆ ನೀರು ಬೇಗ ಕಾಯುತ್ತದೆ, ಬೇಗ ಕೆಡುತ್ತದೆ.

ತಳಕ್ಕೆ ಒಂದಂಗುಲ ಮಣ್ಣು. ರಾಸಾಯನಿಕ ಗೊಬ್ಬರ, ಕೀಟನಾಶಕ ಬೀಳದ ಹಳೆಯ ತೋಟದ ಕೆಂಪು ಮಣ್ಣು ಉತ್ತಮ. ಎರೆಮಣ್ಣು ಒಂದನ್ನೇ ಹಾಕಿದರೆ ನೀರು ತಿಂಗಳಾದರೂ ತಿಳಿಯಾಗದು. ಬೇಸಿಗೆಯಲ್ಲಿ ರೈತರು ಹೊಲಕ್ಕೆ ಹೊಡೆಯುವ ಕೆರೆಗೋಡು ಸತ್ವವುಳ್ಳದ್ದೇ, ಆದರೆ ಅದರಲ್ಲಿ ಏನೇನು ಸೇರಿದೆ ಹೇಳಲಾಗದು. ಹೊಸ ಸಗಣಿ ಗೊಬ್ಬರವಂತೂ ಬೇಡವೇ ಬೇಡ, ಅದು ಅಮೋನಿಯಾದ ಗಣಿ. ಮಣ್ಣನ್ನು ಜರಡಿ ಹಿಡಿದು, ಬಕೆಟಿನಲ್ಲಿ ನೆನೆಹಾಕಿ, ಮೇಲೆ ತೇಲುವ ಕಸಕಡ್ಡಿ ಚೆಲ್ಲಿ, ಕೆಸರಾದಾಗ ತೊಟ್ಟಿಗೆ ಹರಡಬೇಕು. ಅದರ ಮೇಲೆ ಚೆನ್ನಾಗಿ ತೊಳೆದ ದಪ್ಪ ಮರಳು ಇನ್ನೊಂದಂಗುಲ. ಅಲಂಕಾರಕ್ಕೆ ಕಲ್ಲು ಬೇಕಿದ್ದರೆ ಅದರ ಮೇಲೆ ನಿಂಬೆರಸ ಹಿಂಡಿ ನೋಡಿ. ಬುರುಗು ಬಂದರೆ ಸುಣ್ಣದ ಕಲ್ಲು. ಮೊದಲೇ ಗಡಸಾದ ನೀರಿಗೆ ಅದು ಬೇಡ. ನಮ್ಮ ಸುತ್ತಲಿನ ಗ್ರಾನೈಟ್ ಜಾತಿಯ ಬಂಡೆಯ ಚೂರು ಯಾವ ತೊಂದರೆಯನ್ನೂ ಮಾಡದು.

ಮರಳಿಗೆ ಮೂರು ಬೆರಳು ನೀರು ಹಾಕಿಕೊಂಡು ಗಿಡ ನೆಡಬೇಕು. ಇಲ್ಲಿ ಜಿಪುಣತನ ಕೂಡದು, ನೆಲದ ಮುಕ್ಕಾಲು ಭಾಗ ಮೊದಲ ದಿನವೇ ಹಸಿರಾಗಬೇಕು. ಹಿಂದಿನ ಸಾಲಿಗೆ ವ್ಯಾಲಿಸ್ನೇರಿಯಾ, ಮೂಲೆಗಳಿಗೆ ಹೈಡ್ರಿಲ್ಲಾ, ಮುಂದಕ್ಕೆ ಶ್ರೀಲಂಕಾ ಮೂಲದ ಕ್ರಿಪ್ಟೊಕೊರಿನ್. ಆಮೇಲೆ ತಟ್ಟೆಯೊಂದನ್ನು ಇಟ್ಟು ಅದರ ಮೇಲೆ ನಿಧಾನವಾಗಿ ನೀರು ಸುರಿದರೆ ಮಣ್ಣು ಕದಡುವುದಿಲ್ಲ. ಮೇಲೆ ಎರಡು ಮೂರು ಅಂತರಗಂಗೆ ಗಿಡ ತೇಲಿಬಿಡಿ. ಅದರ ಎಲೆ ಗಾಳಿಯಿಂದ ಇಂಗಾಲ ಪಡೆಯುತ್ತದೆ, ಬೇರು ನೀರಿನ ಅಮೋನಿಯಂ ಹೀರುತ್ತದೆ. ಮೊದಲ ತಿಂಗಳ ಕಾವಲು ಅದರದ್ದೇ. ದೀಪಕ್ಕೆ 9–10 ವ್ಯಾಟಿನ ಬಿಳಿ ಎಲ್‌ಇಡಿ ಸಾಕು. ಬೆಳಿಗ್ಗೆ ನಾಲ್ಕು ಗಂಟೆ ಉರಿಸಿ, ಮಧ್ಯಾಹ್ನ ಅಷ್ಟೇ ಹೊತ್ತು ಆರಿಸಿ, ಸಂಜೆ ಮತ್ತೆ ನಾಲ್ಕು ಗಂಟೆ ಉರಿಸಿದರೆ ಒಳ್ಳೆಯದು. ನಡುವಿನ ಬಿಡುವಿನಲ್ಲಿ ನೀರಿನ ಕಾರ್ಬನ್ ಡೈಆಕ್ಸೈಡ್ ಮತ್ತೆ ಕೂಡಿಕೊಳ್ಳುತ್ತದೆ. ಗಾಜಿಗೆ ಪಾಚಿ ಹತ್ತಿದರೆ ಬೆಳಕಿನ ಹೊತ್ತು ಕಡಿಮೆ ಮಾಡಿ.

ಮೀನು ಬಿಡುವುದು ಒಂದು ತಿಂಗಳ ಮೇಲೆ. ಹೊಸ ಎಲೆ, ಹೊಸ ಹಂಬು ಬರತೊಡಗಿದ್ದೇ ಅದಕ್ಕೆ ಸೂಚನೆ. ಮೊದಲಿಗೆ ಗಪ್ಪಿಯೇ ಸೈ. ದಕ್ಷಿಣ ಅಮೆರಿಕದ ಉತ್ತರ ಭಾಗದ ಈ ಪುಟ್ಟ ಮೀನು ಗಡಸು ನೀರಿನಲ್ಲಿ ಚುರುಕಾಗಿರುತ್ತದೆ. ಆರೋಗ್ಯ ಇಲಾಖೆಯವರು ಸೊಳ್ಳೆ ಮರಿ ತಿನ್ನಿಸಲು ನೀರಿನ ತೊಟ್ಟಿಗಳಿಗೆ ಬಿಡುವ ಲಾರ್ವಾಹಾರಿ ಮೀನುಗಳಲ್ಲಿ ಇದೂ ಒಂದು. ಯಾವ ಪಂಪೂ ಇಲ್ಲದ ಸಿಮೆಂಟ್ ತೊಟ್ಟಿಯಲ್ಲಿ ಬದುಕುವ ಮೀನಿಗೆ ಗಿಡ ತುಂಬಿದ ಗಾಜಿನ ತೊಟ್ಟಿ ಅರಮನೆ. ತಿಂಗಳಿಗೊಮ್ಮೆ ಮರಿ ಹಾಕುತ್ತದೆ. ಬೆಳಿಗ್ಗೆ ಅಂತರಗಂಗೆಯ ಬೇರುಗಳ ನಡುವೆ ಕಣ್ಣಿಟ್ಟು ನೋಡಿದರೆ ಎರಡು ಕರಿಯ ಚುಕ್ಕೆಗಳು ಮಿಸುಕುತ್ತವೆ. ಅದು ಮರಿಯ ಕಣ್ಣು, ಉಳಿದ ಮೈ ನೀರಿನಷ್ಟೇ ಪಾರದರ್ಶಕ.

ಇನ್ನೊಂದು ಒಳ್ಳೆಯ ಮೀನು ಜೀಬ್ರಾ ಡ್ಯಾನಿಯೊ. ಮೈಮೇಲೆ ನೀಲಿ ಪಟ್ಟೆಗಳಿರುವ, ಒಂದೂವರೆ ಅಂಗುಲದ, ನಮ್ಮ ಉಪಖಂಡದ್ದೇ ಮೀನು. ಈಗ ಜಗತ್ತಿನ ಸಾವಿರಾರು ಪ್ರಯೋಗಾಲಯಗಳಲ್ಲಿ ವಂಶವಾಹಿ ಅಧ್ಯಯನಕ್ಕೆ ಬಳಕೆಯಾಗುತ್ತಿರುವುದು ಇದೇ. ಇದನ್ನು ಮೊದಲು ವೈಜ್ಞಾನಿಕವಾಗಿ ವರ್ಣಿಸಿದವನಿಗೂ ನಮ್ಮ ಜಿಲ್ಲೆಗೂ ಒಂದು ನಂಟಿದೆ. ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯನ್ನು ಸುತ್ತಿ ಬೆಳೆ, ನೀರಾವರಿ, ಕಸುಬುಗಳ ವಿವರ ಬರೆದ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಇಕ್ಕೇರಿ ಕಡೆಯಿಂದ ಚಿತ್ರದುರ್ಗ ಸೀಮೆಯನ್ನು ಹಾದು ಹಿರಿಯೂರಿಗೆ ಬಂದಿದ್ದ. ಮುಂದೆ ಹ್ಯಾಮಿಲ್ಟನ್ ಎಂಬ ಹೆಸರು ಇಟ್ಟುಕೊಂಡ ಅವನೇ 1822ರಲ್ಲಿ ಗಂಗಾನದಿಯ ಮೀನುಗಳ ಕುರಿತ ಗ್ರಂಥದಲ್ಲಿ ಈ ಮೀನಿಗೆ ‘ರೆರಿಯೊ’ ಎಂಬ ಜಾತಿನಾಮ ಕೊಟ್ಟ. ಜೀಬ್ರಾ ಮೀನು ಗುಂಪಿನ ಜೀವಿ, ಆರೆಂಟಾದರೂ ಬೇಕು. ಹಾರುವ ಅಭ್ಯಾಸವಿರುವುದರಿಂದ ತೊಟ್ಟಿಗೆ ಜಾಲರಿ ಮುಚ್ಚಳ ಇರಲಿ.

ನಮ್ಮ ಅಳತೆಯ ತೊಟ್ಟಿಗೆ ಎಂಟು ಹತ್ತು ಗಪ್ಪಿ ಅಥವಾ ಎಂಟು ಜೀಬ್ರಾ, ಇಷ್ಟಕ್ಕೇ ನಿಲ್ಲಬೇಕು. ಗಪ್ಪಿ ತಾನಾಗಿಯೇ ಹೆಚ್ಚುತ್ತದೆ. ಗೋಲ್ಡ್ ಫಿಶ್ ಅಂಗೈಗಿಂತ ದೊಡ್ಡದಾಗಿ ಬೆಳೆದು, ಗಿಡ ಕಿತ್ತು, ಬಹಳ ಗಲೀಜು ಮಾಡುವ ಮೀನು. ಅದಕ್ಕೆ ಈ ತೊಟ್ಟಿ ಸಾಲದು, ಬಟ್ಟಲಂತೂ ಶಿಕ್ಷೆಯೇ. ನಿಯಾನ್ ಟೆಟ್ರಾ, ಡಿಸ್ಕಸ್‌ನಂಥವು ಅಮೆಜಾನಿನ ಮೆದು ನೀರಿನವು. ಅವನ್ನು ಬೋರಿನ ನೀರಿಗೆ ತರುವುದು ಆ ಜೀವಕ್ಕೆ ಮಾಡುವ ಅನ್ಯಾಯ. ಊಟ ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ. ವಾರದಲ್ಲಿ ಒಂದು ದಿನ ಉಪವಾಸ ಇಟ್ಟರೆ ಮೀನಿಗೆ ಕೇಡಿಲ್ಲ.

ಬೇಸಿಗೆಯ ವಿಚಾರ ಬೇರೆಯಾಗಿಯೇ ಹೇಳಬೇಕು. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲದು, 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಗಿಡಗಳೂ ರಾತ್ರಿ ಆಮ್ಲಜನಕವನ್ನೇ ಉಸಿರಾಡುವುದರಿಂದ ಬೆಳಗಿನ ಜಾವ ಅದರ ಕೊರತೆ ಹೆಚ್ಚು. ಮೀನು ತುಂಬಿದ, ಗಿಡವಿಲ್ಲದ ತೊಟ್ಟಿ ಕರೆಂಟು ಹೋದ ಕೂಡಲೇ ಕುಸಿಯುವುದು ಇದರಿಂದಲೇ. ಮೀನು ಕಡಿಮೆಯಿರುವ ಹಸಿರು ತೊಟ್ಟಿ ಇಡೀ ರಾತ್ರಿ ಕರೆಂಟಿಲ್ಲದಿದ್ದರೂ ತಡೆಯುತ್ತದೆ. ಏಕೆಂದರೆ ಅದು ಕರೆಂಟನ್ನು ನಂಬಿ ಉಸಿರಾಡುತ್ತಿಲ್ಲ. ಮಾರ್ಚ್‌ನಿಂದ ಮೇವರೆಗೆ ತೊಟ್ಟಿಗೆ ನೇರ ಬಿಸಿಲು ಬೀಳದಿರಲಿ, ತೇಲುಗಿಡಗಳನ್ನು ಅರ್ಧದಷ್ಟು ತೆಗೆದು ನೀರಿನ ಮೇಲ್ಮೈ ಗಾಳಿಗೆ ತೆರೆದಿರಲಿ, ಊಟ ಇನ್ನೂ ಕಡಿಮೆಯಾಗಲಿ. ಹೊಸದಾಗಿ ಶುರು ಮಾಡುವವರು ಮುಂಗಾರು ಹಿಡಿದು ಹವೆ ತಂಪಾದ ಮೇಲೆ ಮಾಡಿದರೆ ದೀಪಾವಳಿಯ ಹೊತ್ತಿಗೆ ತೊಟ್ಟಿ ಪೂರ್ತಿ ನೆಲೆನಿಂತಿರುತ್ತದೆ.

ಆವಿಯಾದ ನೀರಿನ ಜಾಗಕ್ಕೆ ಪ್ರತಿಸಲವೂ ಗಡಸು ನೀರನ್ನೇ ತುಂಬಿದರೆ ಲವಣ ಕೂಡುತ್ತಾ ಹೋಗುತ್ತದೆ. ಈ ಮರುಪೂರಣಕ್ಕೆ ಮಾತ್ರ ಆರ್‌ಒ ಅಥವಾ ಮಳೆನೀರು ಯೋಗ್ಯ. ಹದಿನೈದು ದಿನಕ್ಕೊಮ್ಮೆ ಐದನೇ ಒಂದು ಭಾಗ ನೀರು ಬದಲಿಸಿ. ತೆಗೆದ ನೀರನ್ನು ಚರಂಡಿಗೆ ಚೆಲ್ಲಬೇಡಿ, ಅದರಲ್ಲಿ ನೈಟ್ರೇಟ್, ಫಾಸ್ಫೇಟ್ ಇರುತ್ತದೆ. ತುಳಸಿ, ಕರಿಬೇವು, ತೆಂಗಿನ ಸಸಿಗೆ ಅದು ಒಳ್ಳೆಯ ಗೊಬ್ಬರ. ಬರಗಾಲ ಕಂಡ ಜಿಲ್ಲೆಯಲ್ಲಿ ಹವ್ಯಾಸಕ್ಕೆ ಬಳಸಿದ ನೀರಿಗೂ ಎರಡನೇ ಉಪಯೋಗ ಇರಬೇಕು.

ಕೊನೆಗೆ ಒಂದು ಕಟ್ಟಪ್ಪಣೆಯಂಥ ಮಾತು. ಹೆಚ್ಚಾದ ಮೀನನ್ನೋ ಅಂತರಗಂಗೆಯನ್ನೋ ಕೆರೆ, ಹೊಂಡ, ಹೊಳೆಗೆ ಬಿಡಬೇಡಿ. ಅಕ್ವೇರಿಯಂನಿಂದ ಹೊರಬಿದ್ದ ಸಕ್ಕರ್ ಮೀನು ದೇಶದ ಎಷ್ಟೋ ಕೆರೆಗಳಲ್ಲಿ ನಮ್ಮ ಮೀನುಗಳ ಜಾಗ ಕಿತ್ತುಕೊಂಡಿದೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ತಾಯಿ ವಾಣಿ ವಿಲಾಸ ಸನ್ನಿಧಾನದವರ ಹೆಸರಿನ ನಮ್ಮ ಜಲಾಶಯ 1907ರಲ್ಲಿ ಪೂರ್ಣಗೊಂಡು, 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಕೋಡಿ ಹರಿದದ್ದು 2022ರಲ್ಲಿ, 89 ವರ್ಷ ಕಾದ ಬಳಿಕ. ಅಷ್ಟು ಕಾದು ತುಂಬಿದ ನೀರಿಗೆ ಹೊರಗಿನ ಜೀವಿಯೊಂದನ್ನು ಸೇರಿಸಿದರೆ ಮತ್ತೆ ಹಿಂದಕ್ಕೆ ತೆಗೆಯಲು ಯಾರಿಂದಲೂ ಆಗದು. ಹೆಚ್ಚಿದ ಗಪ್ಪಿಯನ್ನು ಗೆಳೆಯರಿಗೆ ಕೊಡಿ, ಅಂಗಡಿಗೆ ಕೊಡಿ. ಹೆಚ್ಚಿದ ಗಿಡವನ್ನು ಬಿಸಿಲಿಗೆ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕೂ ಊರುಗಳ ಪ್ರೌಢಶಾಲೆಗಳಲ್ಲಿ ಇಂಥದ್ದೊಂದು ತೊಟ್ಟಿ ಇರಬೇಕೆಂಬುದು ನನ್ನ ಮನಸ್ಸಿನ ಆಸೆ. ಸಾರಜನಕ ಚಕ್ರ, ದ್ಯುತಿಸಂಶ್ಲೇಷಣೆ, ಗಡಸು ನೀರು, ಆಹಾರ ಸರಪಳಿ, ಪಠ್ಯದಲ್ಲಿ ಬೇರೆ ಬೇರೆ ಪಾಠಗಳಾಗಿ ಬರುವ ಇವೆಲ್ಲ ಎರಡಡಿ ಗಾಜಿನ ನಡುವೆ ಒಟ್ಟಿಗೆ ನಡೆಯುತ್ತವೆ. ಮಕ್ಕಳು ತಮ್ಮ ತಮ್ಮ ಮನೆಯ ನೀರನ್ನು ಬಾಟಲಿಯಲ್ಲಿ ತಂದು ಅಳೆಯಲಿ, ಯಾರ ಊರಿನ ನೀರಿನಲ್ಲಿ ಯಾವ ಗಿಡ ಹೇಗೆ ಬೆಳೆಯಿತೆಂದು ಬರೆದಿಡಲಿ. ತಾನು ಕುಡಿಯುವ ನೀರಿನಲ್ಲಿ ಏನಿದೆ ಎಂದು ಬಲ್ಲ ಮಗು ನಾಳೆ ಗ್ರಾಮಸಭೆಯಲ್ಲಿ ತನ್ನೂರಿನ ಬೋರಿನ ಬಗ್ಗೆಯೂ ಕೆರೆಯ ಬಗ್ಗೆಯೂ ತಿಳಿದು ಮಾತನಾಡುತ್ತದೆ. ನಮ್ಮ ಜಿಲ್ಲೆಗೆ ಅಂಥವರು ಬೇಕು.